ಡೀಸೆಲ್ ಏರದ ಹಳೇ ಟ್ರ್ಯಾಕ್ಟರ್: ಟಾಕಿಯಿಂದ ನಾಜಲ್‌ವರೆಗೆ

ರೋಹಿಣಿ ಮಳೆ ಬಿದ್ದು ಎರಿ ಹೊಲ ಹದಕ್ಕೆ ಬಂದ ದಿನವೇ ಗಾಡಿ ಚಾಲೂ ಆಗುವುದಿಲ್ಲ. ನವಲಗುಂದ, ರೋಣ, ಸವಣೂರು, ಯಾವ ಕಡೆ ಕೇಳಿದರೂ ಇದೇ ದೂರು. ಹಿಂಗಾರಿಯ ಕಡಲೆ ಬಿತ್ತಿ ಮುಗಿದ ಮೇಲೆ ಆಗೊಮ್ಮೆ ಈಗೊಮ್ಮೆ ಟ್ರೇಲರ್ ಎಳೆಯುವುದು ಬಿಟ್ಟರೆ ಹಳೇ ಟ್ರ್ಯಾಕ್ಟರ್ ನಾಲ್ಕೈದು ತಿಂಗಳು ನಿಂತೇ ಇರುತ್ತದೆ. ಅರ್ಧ ಖಾಲಿ ಟಾಕಿಯ ಒಳಗೋಡೆಗೆ ರಾತ್ರಿಯ ತಂಪಿಗೆ ನೀರು ಹನಿಗಟ್ಟಿ ತಳಕ್ಕಿಳಿಯುತ್ತದೆ, ರಬ್ಬರ್ ಪೈಪು ಒಣಗಿ ಸೀಳುತ್ತದೆ, ಫಿಲ್ಟರಿನೊಳಗಿನ ರಾಡಿ ಗಟ್ಟಿಯಾಗುತ್ತದೆ. ಆಮೇಲೆ ಒಂದು ಮುಂಜಾನೆ ಬ್ಯಾಟರಿ ಸಾಯುವವರೆಗೂ ಸೆಲ್ಫ್ ಹೊಡೆದು, "ಪಂಪ್ ಹೋಗೇತಿ" ಎಂದು ತೀರ್ಮಾನಿಸಿ, ಪಂಪು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹುಬ್ಬಳ್ಳಿ ಬಸ್ಸು ಹತ್ತುವವರು ಬಹಳ.

ಡೀಸೆಲನ್ನು ಭಾರೀ ಒತ್ತಡದಲ್ಲಿ ನಾಜಲ್ಲಿಗೆ, ಅಂದರೆ ಸಿಲಿಂಡರಿನೊಳಗೆ ಸಿಂಪಡಿಸುವ ಮೂತಿಗೆ, ತಳ್ಳುವ ಈ ಪಂಪು ಕೆಡುವುದು ಕಡಿಮೆ, ಪಂಪಿನ ಬಾಗಿಲವರೆಗೆ ಡೀಸೆಲ್ ಬರುವ ದಾರಿ ಕೆಡುವುದೇ ಹೆಚ್ಚು. ಆ ದಾರಿಯನ್ನು ಟಾಕಿಯ ಮುಚ್ಚಳದಿಂದ ಹಿಡಿದು ಒಂದೊಂದೇ ಜಾಯಿಂಟು ನೋಡುತ್ತ ಬಂದರೆ ಬಹುತೇಕ ದೋಷ ಹೊಲದ ಬದುವಿನ ಮೇಲೆಯೇ ಸಿಗುತ್ತದೆ, ಐದು-ಹತ್ತು ರೂಪಾಯಿಯ ವಾಷರಿನಲ್ಲಿ ಮುಗಿಯುತ್ತದೆ. ದಾರಿ ಸರಿ ಇದೆ ಎಂದು ಕಣ್ಣಾರೆ ಕಂಡ ಮೇಲೆಯೇ ಪಂಪಿಗೆ ಕೈ ಹಚ್ಚಬೇಕು.

ಮೊದಲು ಹೊಗೆ ನೋಡಿ

ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಸೈಲೆನ್ಸರ್ ನೋಡುತ್ತ ನಿಲ್ಲಲಿ. ಎಂಜಿನ್ ಸರಿಯಾಗಿ ತಿರುಗುತ್ತಿದ್ದೂ 10 ಸೆಕೆಂಡಿನವರೆಗೆ ಒಂದು ಎಳೆ ಹೊಗೆಯೂ ಬರದಿದ್ದರೆ ಸಿಲಿಂಡರಿಗೆ ಡೀಸೆಲ್ ಮುಟ್ಟುತ್ತಿಲ್ಲ. ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಕಂಪ್ರೆಷನ್ (ಸಿಲಿಂಡರಿನೊಳಗೆ ಹಿಸುಕಿದ ಗಾಳಿಯ ಒತ್ತಡ), ಟೈಮಿಂಗ್ (ಡೀಸೆಲ್ ಸಿಂಪಡಿಸುವ ಗಳಿಗೆ), ಇಲ್ಲವೇ ಡೀಸೆಲಿನಲ್ಲಿ ನೀರು ಇವುಗಳ ಕಡೆ ತಿರುಗಿ. ಚಾಲೂ ಆದ ಗಾಡಿ ರಂಟೆ ಇಳಿಸಿದ ಕೂಡಲೇ ಸೋಲುತ್ತಿದ್ದರೆ ಆಗಲೂ ಹೊಗೆಯೇ ಹೇಳುತ್ತದೆ. ಸೋಲುವಾಗ ಕಪ್ಪು ಹೊಗೆ ಉಗುಳಿದರೆ ಡೀಸೆಲ್ ಸಾಕಷ್ಟಿದೆ, ಗಾಳಿ ಸಾಲದು; ಏರ್ ಕ್ಲೀನರಿನ ಬಟ್ಟಲು ಬಿಚ್ಚಿ ನೋಡಿ, ಎರಿ ಮಣ್ಣಿನ ಕೆಸರು ಎಣ್ಣೆಗಿಂತ ಹೆಚ್ಚು ಇದ್ದೀತು. ಹೊಗೆ ಕಪ್ಪಾಗದೆ ಎಂಜಿನ್ ಸುಮ್ಮನೆ ಸೊರಗುತ್ತ ಹೋದರೆ ಅದು ಹಸಿವು. ಡೀಸೆಲ್ ಬರುತ್ತಿಲ್ಲ. ಈ ಬರಹ ಆ ಹಸಿವಿನ ಬಗ್ಗೆ.

ಸೆಲ್ಫ್ ಒಂದು ಸಲಕ್ಕೆ 10-15 ಸೆಕೆಂಡು ಸಾಕು, ನಡುವೆ ಒಂದು ನಿಮಿಷ ಬಿಡುವು ಕೊಡಿ. ಏರ್ ಕ್ಲೀನರ್ ಪೈಪಿಗೆ ಪೆಟ್ರೋಲ್ ಅದ್ದಿದ ಬಟ್ಟೆ ಹಿಡಿಯುವ ಚಾಳಿ ಬಿಡಬೇಕು. ಡೀಸೆಲ್ ಬಾರದ ಗಾಡಿ ಅದರಿಂದ ನಾಲ್ಕು ಸಲ ಗುಡುಗಿ ಮತ್ತೆ ನಿಲ್ಲುತ್ತದೆ. ಪಿಸ್ಟನ್ ರಿಂಗು ಮುರಿಯುವುದು, ಹಿಡಿದವರ ಕೈ ಸುಡುವುದು ಇಷ್ಟೇ ಲಾಭ.

ಪಾನಾ ಹಿಡಿಯುವ ಮುಂಚೆ ಇನ್ನೊಂದು ಮಾತು: ಎಂಜಿನ್ ಬಂದ್ ಮಾಡುವ ಸ್ಟಾಪ್ ಕೇಬಲ್. ಡ್ಯಾಶಿನ ಗುಂಡಿ ಒಳಗೆ ತಳ್ಳಿದರೂ ತುಕ್ಕು ಹಿಡಿದ ಕೇಬಲ್ ಒಳಗೆ ಸಿಕ್ಕಿಬಿದ್ದು ಪಂಪಿನ ಮೇಲಿನ ಸ್ಟಾಪ್ ಲಿವರ್ ಬಂದ್ ಸ್ಥಾನದಲ್ಲೇ ಉಳಿದಿರುತ್ತದೆ. ಬಾನೆಟ್ ಎತ್ತಿ ಲಿವರನ್ನು ಕೈಯಿಂದ ಸರಿಸಿ ನೋಡಿ. ಅರ್ಧ ದಿನ ಡೀಸೆಲ್ ದಾರಿಯೊಳಗಿನ ಗಾಳಿ (ಏರ್) ತೆಗೆದು ಸುಸ್ತಾದ ಮೇಲೆ ಇದು ಕಣ್ಣಿಗೆ ಬಿದ್ದರೆ ಯಾರಿಗೂ ಹೇಳಿಕೊಳ್ಳಲಾಗದ ಅವಮಾನ.

ಬೇಕಾಗುವ ಸಾಮಾನು

10ರಿಂದ 19ರವರೆಗೆ ಪಾನಾ, ಪಕ್ಕಡ, ಸ್ಕ್ರೂಡ್ರೈವರ್, ಒಂದು ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ಪೈಪು, ಎರಡು ಕ್ಲಿಪ್ಪು, ಒಂದು ಲೀಟರಿನ ಪಾರದರ್ಶಕ ಬಾಟಲಿ, ಬೇರೆ ಬೇರೆ ಅಳತೆಯ ತಾಮ್ರದ ವಾಷರು ಅರ್ಧ ಡಜನ್, ಸ್ವಚ್ಛ ಡೀಸೆಲ್ 2-3 ಲೀಟರ್. ಮಹೀಂದ್ರ ಬಿ-275, ಮ್ಯಾಸಿ 1035ರಂಥ ಇಂಗ್ಲಿಷ್ ಮೂಲದ ಗಾಡಿಗಳಲ್ಲಿ ಇಂಚಿನ ಅಳತೆಯ ನಟ್ಟುಗಳೂ ಇರುತ್ತವೆ. 5/8 ಇಂಚಿನದಕ್ಕೆ 16ರ ಪಾನಾ ಕೂರುತ್ತದೆ; ಅರ್ಧ ಇಂಚಿನದಕ್ಕೆ 13ರ ಪಾನಾ ಸಡಿಲಾಗಿ ನಟ್ಟಿನ ಮೂಲೆ ತಿನ್ನುತ್ತದೆ, ಅದಕ್ಕೆ ಇಂಚಿನ ಪಾನಾವನ್ನೇ ತನ್ನಿ.

ಬಿಚ್ಚುವ ಜಾಗವನ್ನು ಮೊದಲು ಬ್ರಶ್ಶು-ಡೀಸೆಲ್‌ನಿಂದ ತೊಳೆಯಬೇಕು. ಪಂಪಿನೊಳಗೆ ಡೀಸೆಲ್ ತಳ್ಳುವ ಕಡ್ಡಿ (ಪ್ಲಂಜರ್) ಮತ್ತು ಅದು ಆಡುವ ಕೊಳವೆ (ಬ್ಯಾರೆಲ್) ನಡುವಿನ ಸಂದು 2-3 ಮೈಕ್ರಾನ್ ಮಾತ್ರ, ತಲೆಗೂದಲ ದಪ್ಪದ ಇಪ್ಪತ್ತನೇ ಒಂದು ಪಾಲೂ ಅಲ್ಲ. ಅಲ್ಲಿಗೆ ಹೋದ ಒಂದು ಚಿಟಿಕೆ ಎರಿ ಧೂಳು ಸಾಣೆಯ ಹಾಗೆ ಕೆಲಸ ಮಾಡುತ್ತದೆ. ಒರೆಸಲು ನೂಲು ಬಿಡುವ ವೇಸ್ಟ್ ಬೇಡ, ಹಳೇ ಧೋತರದ ತುಂಡು ಒಳ್ಳೆಯದು.

ಟಾಕಿ ಮತ್ತು ಅದರ ಮುಚ್ಚಳ

ಟಾಕಿಯಿಂದ ಡೀಸೆಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಆ ಗಾಳಿಯ ದಾರಿ ಮುಚ್ಚಳದಲ್ಲಿರುವ ಸೂಜಿಗಾತ್ರದ ತೂತು. ಧೂಳು-ಡೀಸೆಲ್ ಕೂಡಿ ಅದು ಮುಚ್ಚಿಕೊಂಡರೆ ಗಾಡಿ ಹತ್ತು-ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಸೋಲುತ್ತದೆ, ಬಂದ್ ಬೀಳುತ್ತದೆ, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ. ಸೋಲುತ್ತಿರುವಾಗಲೇ ಮುಚ್ಚಳ ಸಡಿಲಿಸಿ. "ಸುಯ್" ಎಂದು ಗಾಳಿ ಒಳಗೆಳೆದ ಸದ್ದಾಗಿ ಎಂಜಿನ್ ಚೇತರಿಸಿಕೊಂಡರೆ ಕಾಯಿಲೆ ಸಿಕ್ಕಿತು. ತೆಳ್ಳನೆಯ ತಂತಿಯಿಂದ ತೂತು ಬಿಡಿಸಿ ತೊಳೆಯಿರಿ. ಮುಚ್ಚಳ ಕಳೆದುಹೋಗಿ ಪ್ಲಾಸ್ಟಿಕ್ ಹಾಳೆ ಹೊದಿಸಿ ರಬ್ಬರ್ ಕಟ್ಟಿದ ಟಾಕಿಗಳಲ್ಲೂ ಇದೇ ರೋಗ. ಹಾಳೆ ಗಾಳಿ ಬಿಡುವುದಿಲ್ಲ. ಅದರ ಬದಲು ಬಟ್ಟೆ ತುರುಕಿದರೆ ಅದರ ನೂಲೇ ಟಾಕಿಯ ಬಾಯಿಗೆ ಹೋಗಿ ಕೂರುತ್ತದೆ.

ಇನ್ನು ನೀರು. ಕ್ಯಾನಿನಲ್ಲಿ ಬಂಕಿನಿಂದ ತಂದು ಮಳೆಯಲ್ಲಿ ಹೊಲದಲ್ಲೇ ಸುರಿಯುವ ರೂಢಿ ಇರುವವರೆಗೆ ಟಾಕಿಯಲ್ಲಿ ನೀರು ಇದ್ದೇ ಇರುತ್ತದೆ. ಡೀಸೆಲಿಗಿಂತ ನೀರು ಭಾರ, ರಾತ್ರಿ ಕಳೆದರೆ ತಳಕ್ಕೆ ಕೂತಿರುತ್ತದೆ. ಹೀಗಾಗಿ ಪರೀಕ್ಷೆ ಮುಂಜಾನೆ, ಗಾಡಿ ಅಲುಗಾಡುವ ಮುಂಚೆಯೇ ಮಾಡಬೇಕು. ಟಾಕಿಯ ತಳದ ಡ್ರೇನ್ ಬಿಚ್ಚಿ ಅರ್ಧ ಲೀಟರ್ ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿ ನೋಡಿ. ನೀರಿದ್ದರೆ ತಳದಲ್ಲಿ ಬೇರೆಯೇ ಪದರ ಕಾಣುತ್ತದೆ, ಬಾಟಲಿ ವಾಲಿಸಿದರೆ ಗುಂಡುಗುಂಡಾಗಿ ಉರುಳುತ್ತದೆ. ಎರಡರ ನಡುವೆ ಕಂದು ಬಣ್ಣದ ಲೋಳೆ ಇದ್ದರೆ ಅದು ನೀರು-ಡೀಸೆಲ್ ಕೂಡುವ ಜಾಗದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಗುಂಪು. ಎಷ್ಟು ಫಿಲ್ಟರ್ ಬದಲಿಸಿದರೂ ಅದು ಮತ್ತೆ ಮತ್ತೆ ಬಂದು ಕಟ್ಟುತ್ತದೆ. ಟಾಕಿಯನ್ನೇ ಇಳಿಸಿ ಎರಡು-ಮೂರು ಸಲ ಡೀಸೆಲ್ ಹಾಕಿ ಕುಲುಕಿ ತೊಳೆಯಬೇಕು.

ಟಾಕಿಗೆ ಸೂಜಿತೂತು ಬಿದ್ದು ಸೋರಿದರೆ ಬಟ್ಟೆ ಸಾಬೂನು ಒತ್ತಿ ಉಜ್ಜಿ ಒಂದೆರಡು ದಿನ ತಳ್ಳಬಹುದು, ಸಾಬೂನು ಡೀಸೆಲಿನಲ್ಲಿ ಕರಗುವುದಿಲ್ಲ. ಖಾಲಿ ಟಾಕಿಗೆ ಮಾತ್ರ ಸುಮ್ಮನೆ ವೆಲ್ಡಿಂಗ್ ಹೊಡೆಸಬೇಡಿ. ಒಳಗಿನ ಆವಿ ಸಿಡಿಯುತ್ತದೆ.

ಈಗ ಹರಿವಿನ ಪರೀಕ್ಷೆ. ಟಾಕಿಯಿಂದ ಡೀಸೆಲ್ ಎಳೆದು ಫಿಲ್ಟರಿನ ಮೂಲಕ ಮುಖ್ಯ ಪಂಪಿಗೆ ಕಳಿಸುವ ಚಿಕ್ಕ ಪಂಪೇ ಫೀಡ್ ಪಂಪು. ಅದಕ್ಕೆ ಬರುವ ಪೈಪನ್ನು ಅಲ್ಲಿಯೇ ಬಿಚ್ಚಿ ಬಾಟಲಿಗೆ ಬಿಡಿ, ಟಾಕಿಯ ಕಾಕ್ ಪೂರ್ತಿ ತೆರೆಯಿರಿ. ಕಿರುಬೆರಳು ದಪ್ಪ ಅಲ್ಲದಿದ್ದರೂ ಕಡಿಯದ ಧಾರೆ ಬರಬೇಕು. 35 ಎಚ್‌ಪಿ ಗಾಡಿ ಹೊಲದಲ್ಲಿ ಗಂಟೆಗೆ ಸುಮಾರು 4-6 ಲೀಟರ್ ಸುಡುತ್ತದೆ. ಆದರೆ ಫೀಡ್ ಪಂಪು ಅದಕ್ಕಿಂತ ಎಷ್ಟೋ ಹೆಚ್ಚು ಎಳೆದು ಉಳಿದದ್ದನ್ನು ರಿಟರ್ನ್ ಪೈಪಿನಿಂದ ವಾಪಸ್ ಕಳಿಸುತ್ತದೆ. ನಿಮಿಷಕ್ಕೆ ಅರ್ಧ ಲೀಟರ್, ಅಂದರೆ ಗಂಟೆಗೆ 30 ಲೀಟರ್ ಲೆಕ್ಕದಲ್ಲಿ ಬಂದರೆ ಚಿಂತೆಯಿಲ್ಲ. ಮೊದಲು ಜೋರಾಗಿ ಬಂದು ಒಂದು ನಿಮಿಷದಲ್ಲಿ ಸಣ್ಣಗಾದರೆ ಟಾಕಿಯ ಬಾಯಿಯ ಜಾಲರಿಗೆ ಕಸ ಬಂದು ಕೂರುತ್ತಿದೆ. ಪೈಪಿನ ಈ ತುದಿಯಿಂದ ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಧಾರೆ ಮತ್ತೆ ಜೋರಾಗುತ್ತದೆ, ಆದರೆ ಕಸ ಟಾಕಿಯಲ್ಲೇ ಈಜುತ್ತಿರುತ್ತದೆ. ಬಿತ್ತಿಗೆ ಮುಗಿಸಲು ಅಷ್ಟು ಸಾಕು, ಆಮೇಲೆ ಟಾಕಿ ತೊಳೆಯಲೇಬೇಕು.

ಡೀಸೆಲ್ ಸೋರದೆ ಗಾಳಿ ಎಳೆಯುವ ಪೈಪು

ಹಳೇ ಗಾಡಿಯಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವ ದೋಷ ಇದು. ಟಾಕಿಯಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಪಂಪು ಡೀಸೆಲನ್ನು ಹೀರುತ್ತಿರುತ್ತದೆ. ಅಲ್ಲಿ ಜಾಯಿಂಟು ಸಡಿಲಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಹೊರಗೆ ಒಣಗಿಯೇ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. "ಟಾಕಿ ಫುಲ್ ಇದ್ದಾಗ ಛಲೋ ಓಡತೈತಿ, ಅರ್ಧ ಆತಂದ್ರ ಬಂದ್ ಬೀಳತೈತಿ" ಎಂದು ಯಾರಾದರೂ ಹೇಳಿದರೆ ನೂರಕ್ಕೆ ತೊಂಬತ್ತು ಇದೇ: ತುಂಬಿದ ಟಾಕಿಯ ಭಾರ ಸಡಿಲು ಜಾಯಿಂಟಿಗೆ ಗಾಳಿ ಬಿಡುವುದಿಲ್ಲ, ಮಟ್ಟ ಇಳಿದಂತೆ ಪಂಪಿನ ಹೀರುವಿಕೆ ಗೆಲ್ಲುತ್ತದೆ. ರಾತ್ರಿ ನಿಲ್ಲಿಸಿ ಮುಂಜಾನೆ ಏರ್ ತೆಗೆಯದೆ ಚಾಲೂ ಆಗದ ಗಾಡಿಯಲ್ಲೂ ಮೊದಲು ಇಲ್ಲೇ ಹುಡುಕಿ.

ಕಂಡುಹಿಡಿಯಲು ಪಾರದರ್ಶಕ ಪೈಪು. ಫೀಡ್ ಪಂಪಿಗೆ ಬರುವ ಪೈಪಿನ ಕೊನೆಯ ಒಂದು ಗೇಣು ತೆಗೆದು ಅಲ್ಲಿ ಈ ಪ್ಲಾಸ್ಟಿಕ್ ಪೈಪು ಕ್ಲಿಪ್ಪು ಬಿಗಿದು ಕೂರಿಸಿ, ಎಂಜಿನ್ ಚಾಲೂ ಮಾಡಿ ಸ್ವಲ್ಪ ರೇಸ್ ಕೊಡಿ. ಮೊದಲ ಅರ್ಧ ನಿಮಿಷ ಗುಳ್ಳೆ ಬಂದು ನಿಂತರೆ ಸರಿ. ಸಾಸಿವೆ ಕಾಳಿನಂಥ ಗುಳ್ಳೆಗಳ ಸಾಲು ನಿಲ್ಲದೆ ಹರಿದರೆ ಗಾಳಿ ಹಿಂದಿನಿಂದ ಬರುತ್ತಿದೆ. ಪೈಪನ್ನು ಒಂದೊಂದೇ ಜಾಯಿಂಟು ಹಿಂದಕ್ಕೆ ಟಾಕಿಯ ಕಡೆ ಸರಿಸುತ್ತ ಹೋಗಿ. ಯಾವ ಜಾಗ ದಾಟಿದ ಮೇಲೆ ಗುಳ್ಳೆ ನಿಲ್ಲುತ್ತದೋ ದೋಷ ಆ ಜಾಯಿಂಟಿನಲ್ಲಿದೆ. ನೀರು-ಕಸ ಕೂರುವ ಗಾಜಿನ ಬಟ್ಟಲಿನ ರಬ್ಬರ್ ವಾಷರು, ಕಾಕ್‌ನ ದಾರ, ಕ್ಲಿಪ್ಪಿನಡಿಯ ರಬ್ಬರಿನ ಸೀಳು ಇವು ಕಾಯಂ ಆರೋಪಿಗಳು. ಪರೀಕ್ಷೆ ಮುಗಿದ ಮೇಲೆ ಪ್ಲಾಸ್ಟಿಕ್ ಪೈಪು ತೆಗೆದುಬಿಡಿ, ಎಂಜಿನ್ನಿನ ಬಿಸಿಗೆ ಅದು ಮೆತ್ತಗಾಗಿ ಜಾರುತ್ತದೆ.

ಬ್ಯಾಂಜೋ ಬೋಲ್ಟಿನ (ಪೈಪು ಕೂಡಿಸುವ ಟೊಳ್ಳು ಬೋಲ್ಟು) ತಾಮ್ರದ ವಾಷರನ್ನು ಬಿಚ್ಚಿದಾಗಲೆಲ್ಲ ಬದಲಿಸುವುದು ಉತ್ತಮ. ಹೊಸದು ಸಿಗದಿದ್ದರೆ ಹಳೆಯದನ್ನೇ ಒಲೆಯ ಮೇಲೆ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿ, ಕರಿ ಪದರ ಉಜ್ಜಿ ತೆಗೆಯಿರಿ. ಬಿಗಿದು ಬಿಗಿದು ಗಟ್ಟಿಯಾಗಿದ್ದ ತಾಮ್ರ ಮತ್ತೆ ಮೆತ್ತಗಾಗಿ ಹೊಸದರಂತೆ ಕೂರುತ್ತದೆ. ನಳದ ಕೆಲಸದ ಬಿಳಿ ಟೇಪನ್ನು ಡೀಸೆಲ್ ಲೈನಿಗೆ ಸುತ್ತಬೇಡಿ. ಅದರ ಎಳೆ ಹರಿದು ಫೀಡ್ ಪಂಪಿನ ವಾಲ್ವಿನ ಕೆಳಗೆ ಹೋಗಿ ಕೂರುತ್ತದೆ, ಆಗ ಒಂದು ದೋಷ ಎರಡಾಗುತ್ತದೆ.

ಫೀಡ್ ಪಂಪು

ಮೊದಲು ನಿಮ್ಮ ಗಾಡಿಯಲ್ಲಿ ಯಾವ ಮುಖ್ಯ ಪಂಪಿದೆ ನೋಡಿಕೊಳ್ಳಿ. ಉದ್ದನೆಯ ಮೈಯ ಮೇಲೆ ಸಿಲಿಂಡರಿಗೊಂದರಂತೆ ಪೈಪು ಸಾಲಾಗಿ ಎದ್ದಿದ್ದರೆ ಅದು ಇನ್‌ಲೈನ್, ಎಲ್ಲರ ಬಾಯಲ್ಲಿ ಇಂದಿಗೂ "ಮೈಕೋ ಪಂಪ್". ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾದರೂ ಮಿಸ್ತ್ರಿಗಳ ಬಾಯಿಂದ ಹಳೆಯದು ಹೋಗಿಲ್ಲ. ದುಂಡನೆಯ ತಲೆಯ ಸುತ್ತ ಪೈಪುಗಳು ಹೊರಟಿದ್ದರೆ ಅದು ರೋಟರಿ.

ಇನ್‌ಲೈನ್ ಪಂಪಿನ ಪಕ್ಕಕ್ಕೇ ಫೀಡ್ ಪಂಪು ಅಂಟಿಕೊಂಡಿರುತ್ತದೆ, ಮೇಲೆ ತಿರುಗಿಸಿ ಎತ್ತುವ ಕೈಪಂಪಿನ ಗುಂಡಿ. ಫಿಲ್ಟರಿಗೆ ಹೋಗುವ ಪೈಪು ಬಿಚ್ಚಿ ಗುಂಡಿ ಒತ್ತಿ ನೋಡಿ. ಪ್ರತಿ ಒತ್ತಿಗೂ ಡೀಸೆಲ್ ಚಿಮ್ಮಬೇಕು. ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೂ ತಳ್ಳಿಕೊಂಡು ಬರಬೇಕು; ಇಲ್ಲಿ ಒತ್ತಡ ಕಡಿಮೆ, ಬೆರಳಿಗೆ ಅಪಾಯವಿಲ್ಲ. ಬರದಿದ್ದರೆ ಪಂಪು ಬದಲಿಸುವ ಮೊದಲು ಎರಡು ಜಾಗ ನೋಡಿ. ಒಳಬರುವ ಕಡೆ ಹೆಬ್ಬೆರಳಿನ ತುದಿಯಷ್ಟು ಸಣ್ಣ ಜಾಲರಿ ಇರುತ್ತದೆ. ಗಾಡಿ ತಂದಾಗಿನಿಂದ ಯಾರೂ ಅದನ್ನು ತೆಗೆದಿರುವುದಿಲ್ಲ, ಇದೆ ಎಂದೇ ಬಹಳ ಜನರಿಗೆ ಗೊತ್ತಿಲ್ಲ. ಎರಡನೆಯದು, ಒಳಗಿನ ಎರಡು ಚಿಕ್ಕ ವಾಲ್ವು. ಒಂದು ಮರಳಿನ ಕಣ ಕೆಳಗೆ ಕೂತರೂ ಡೀಸೆಲ್ ಮುಂದೆ ಹೋಗದೆ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಮೇಲಿನ ಬೋಲ್ಟು ಬಿಚ್ಚಿ, ಸ್ಪ್ರಿಂಗು ಹಾರಿಹೋಗದಂತೆ ಅಂಗೈ ಅಡ್ಡ ಹಿಡಿದು, ಎರಡನ್ನೂ ತೆಗೆದು ತೊಳೆದು ಇದ್ದ ಜಾಗಕ್ಕೇ ಹಾಕಿ. ವಾಲ್ವಿನ ಮುಖದಲ್ಲಿ ಉಂಗುರದಂತೆ ಆಳ ಗೆರೆ ಬಿದ್ದಿದ್ದರೆ ಹೊಸದು ಬೇಕು. ಕೆಲಸ ಮುಗಿದ ಮೇಲೆ ಕೈಪಂಪಿನ ಗುಂಡಿಯನ್ನು ಒತ್ತಿ ತಿರುಗಿಸಿ ಬಿಗಿಯಿರಿ, ಸಡಿಲು ಬಿಟ್ಟರೆ ಅಲ್ಲಿಂದಲೂ ಗಾಳಿ.

ರೋಟರಿ ಪಂಪಿನ ಗಾಡಿಯಲ್ಲಿ ಸಾಮಾನ್ಯವಾಗಿ ಎಂಜಿನ್ ಬ್ಲಾಕಿಗೆ ಕೂರಿಸಿದ ಡಯಾಫ್ರಮ್ ಪಂಪಿರುತ್ತದೆ, ಪಕ್ಕದಲ್ಲಿ ಕೈಯಿಂದ ಎತ್ತುವ ಲಿವರು. ಲಿವರ್ ಸಡಿಲಾಗಿ ಆಡುತ್ತ ಒತ್ತೇ ಸಿಗದಿದ್ದರೆ ಗಾಬರಿ ಬೇಡ. ಒಳಗಿನ ಕ್ಯಾಮ್ ಆಗಲೇ ಅದನ್ನು ಒತ್ತಿ ಹಿಡಿದಿದೆ. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ನೋಡಿ. ನಿಜವಾಗಿ ಹೆದರಬೇಕಾದ್ದು ಡಯಾಫ್ರಮ್ ಹರಿದಾಗ. ಆಗ ಡೀಸೆಲ್ ನೇರ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ಬೆರಳಲ್ಲಿ ನೀರಾಗಿ ಹತ್ತಿ ಡೀಸೆಲ್ ವಾಸನೆ ಹೊಡೆದರೆ ಆ ಗಳಿಗೆಯೇ ಗಾಡಿ ನಿಲ್ಲಿಸಿ. ಆ ಆಯಿಲಿನಲ್ಲಿ ಒಂದು ಎಕರೆ ಹೊಡೆದರೂ ಬೇರಿಂಗು ಉಳಿಯುವ ಖಾತ್ರಿಯಿಲ್ಲ. ಪಂಪು ರಿಪೇರಿ ಮಾಡಿದ ಮೇಲೆ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಹೊಸದು.

ಫಿಲ್ಟರು

ಹಳೇ ಗಾಡಿಗಳಲ್ಲಿ ಎರಡು ಫಿಲ್ಟರು ಪಕ್ಕಪಕ್ಕ. ಮೊದಲನೆಯದು ದಪ್ಪ ಕಸಕ್ಕೆ, ಎರಡನೆಯದು ಸೂಕ್ಷ್ಮ ಕಸಕ್ಕೆ. ಎಷ್ಟು ಗಂಟೆಗೆ ಬದಲಿಸಬೇಕೆಂಬುದು ಆಯಾ ಗಾಡಿಯ ಪುಸ್ತಕದಲ್ಲಿದೆ, ಆದರೆ ಎರಿ ಸೀಮೆಯ ಧೂಳಿನಲ್ಲಿ, ಕ್ಯಾನಿನ ಡೀಸೆಲಿನಲ್ಲಿ ಆ ಲೆಕ್ಕಕ್ಕಿಂತ ಮುಂಚೆಯೇ ಕಟ್ಟುತ್ತದೆ. ಗುರುತು ಸುಲಭ: ಮೊದಲ ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದಾಗ ಡೀಸೆಲ್ ಜೋರಾಗಿ ಬಂದು, ಎರಡನೆಯದರಲ್ಲಿ ಒಸರಿದಂತೆ ಬಂದರೆ ನಡುವೆ ಕಟ್ಟಿದೆ.

ಎರಡನ್ನೂ ಒಂದೇ ದಿನ ಬದಲಿಸದಿರುವುದು ಮಿಸ್ತ್ರಿಗಳ ಹಳೇ ಪದ್ಧತಿ, ಅದಕ್ಕೆ ಅರ್ಥವಿದೆ. ಬಟ್ಟಲು ಬಿಚ್ಚುವಾಗ ಕದಡಿದ ಕಸ ಪಂಪಿಗೆ ಹೋಗದಂತೆ ತಡೆಯಲು ಇನ್ನೊಂದು ಫಿಲ್ಟರು ಜಾಗದಲ್ಲಿ ಇರಬೇಕು. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ತುಂಬಿ ಕೂರಿಸಬೇಡಿ. ಶೋಧಿಸದ ಡೀಸೆಲ್ ನೇರ ಶುದ್ಧದ ಕಡೆಗೇ ಸೇರುತ್ತದೆ. ಕೈಪಂಪಿನಿಂದ ತುಂಬಿಸಿ, ಕೈ ನೋಯಲಿ. ಕಾಗದದ ಫಿಲ್ಟರನ್ನು ತೊಳೆದು ಹಾಕುವುದೂ ಬೇಡ, ತೊಳೆದರೆ ಕಾಗದದ ರಂಧ್ರ ಹರಿದು ದೊಡ್ಡದಾಗುತ್ತದೆ. ಕೂರಿಸುವಾಗ ಹಳೇ ರಬ್ಬರ್ ರಿಂಗು ಫಿಲ್ಟರಿನ ತಲೆಯ ತೋಡಿನಲ್ಲೇ ಅಂಟಿ ಉಳಿದಿದೆಯೇ ಎಂದು ಉಗುರಿನಿಂದ ಕೆರೆದು ನೋಡಿ. ರಿಂಗಿನ ಮೇಲೆ ರಿಂಗು ಕೂತರೆ ಎಷ್ಟು ಬಿಗಿದರೂ ಸೋರುತ್ತದೆ.

ಫಿಲ್ಟರಿನ ತಲೆಯಿಂದಲೋ ಪಂಪಿನಿಂದಲೋ ರಿಟರ್ನ್ ಪೈಪು ಹೊರಡುವ ಬೋಲ್ಟು ಹಲವು ಇನ್‌ಲೈನ್ ಪಂಪಿನ ಗಾಡಿಗಳಲ್ಲಿ ಬರೀ ಬೋಲ್ಟಲ್ಲ. ಒಳಗೆ ಒಂದು ಗುಂಡು, ಒಂದು ಸ್ಪ್ರಿಂಗು ಇದ್ದು ಪಂಪಿನ ಬಾಗಿಲಲ್ಲಿ ಸುಮಾರು 1ರಿಂದ 1.5 ಕೆ.ಜಿ. ಒತ್ತಡ ಕಾಯ್ದುಕೊಳ್ಳುತ್ತದೆ. ಯಾರೋ ರಿಪೇರಿಗೆ ಬಂದವರು ಅದರ ಬದಲು ಸಾದಾ ಬ್ಯಾಂಜೋ ಬೋಲ್ಟು ಹಾಕಿ ಹೋಗಿರುತ್ತಾರೆ. ಆಗ ಡೀಸೆಲ್ ಸರಾಗ ದಾರಿ ಹಿಡಿದು ಟಾಕಿಗೇ ಮರಳುತ್ತದೆ, ರೋಟಾವೇಟರ್ ಇಳಿಸಿದಾಗ ಗಾಡಿ ಸೋಲುತ್ತದೆ, ಫಿಲ್ಟರು-ನಾಜಲ್ಲು ಎಲ್ಲ ಹೊಸದು ಹಾಕಿದರೂ ಸೋಲುತ್ತಲೇ ಇರುತ್ತದೆ. ಬೋಲ್ಟು ಬಿಚ್ಚಿ ಕಡ್ಡಿಯಿಂದ ಒಳಗೆ ಒತ್ತಿ ನೋಡಿ, ಸ್ಪ್ರಿಂಗು ಎದುರು ಒತ್ತಬೇಕು.

ಏರ್ ತೆಗೆಯುವುದು

ಟಾಕಿ ಪೂರ್ತಿ ಖಾಲಿಯಾಗಿ ನಿಂತರೆ, ಫಿಲ್ಟರು ಬದಲಿಸಿದರೆ, ಯಾವುದೇ ಪೈಪು ಬಿಚ್ಚಿದರೆ ಇದು ತಪ್ಪಿದ್ದಲ್ಲ. ಡೀಸೆಲನ್ನು ಹಿಸುಕಿದರೆ ಅದು ತಗ್ಗುವುದಿಲ್ಲ, ಹೀಗಾಗಿ ಒತ್ತಡ ಏರಿ ನಾಜಲ್ಲು ತೆರೆಯುತ್ತದೆ. ನಡುವೆ ಗಾಳಿಯ ಗುಳ್ಳೆ ಇದ್ದರೆ ಪ್ಲಂಜರ್ ಅದನ್ನೇ ಹಿಸುಕುತ್ತ ಬಿಡುತ್ತ ಕೂರುತ್ತದೆ, ನಾಜಲ್ಲಿಗೆ ಏನೂ ಮುಟ್ಟುವುದಿಲ್ಲ.

ಟಾಕಿಯಲ್ಲಿ ಕನಿಷ್ಠ ಹತ್ತು ಲೀಟರ್ ಡೀಸೆಲ್ ಇರಲಿ. ಟಾಕಿಯ ಹತ್ತಿರದ ಜಾಗದಿಂದ ಶುರು, ಎಂದೂ ಉಲ್ಟಾ ಅಲ್ಲ. ಮೊದಲ ಫಿಲ್ಟರಿನ ತಲೆಯ ಏರ್ ಸ್ಕ್ರೂ ಎರಡು ಸುತ್ತು ಸಡಿಲಿಸಿ ಕೈಪಂಪು ಒತ್ತಿ. ಮೊದಲು ಬರೀ ಗಾಳಿ, ಆಮೇಲೆ ಬಿಳಿ ನೊರೆ, ಕೊನೆಗೆ ಗಾಜಿನಂಥ ಧಾರೆ. ನೊರೆ ನಿಂತ ಮೇಲೂ ಹತ್ತು ಸಲ ಒತ್ತಿ, ಒತ್ತು ಕೆಳಗಿರುವಾಗಲೇ ಸ್ಕ್ರೂ ಬಿಗಿಯಿರಿ; ಮೇಲೆ ಎತ್ತುವಾಗ ಬಿಗಿದರೆ ಒಂದು ಗುಟುಕು ಗಾಳಿ ಮತ್ತೆ ಒಳಗೆ ಹೋಗಿರುತ್ತದೆ. ಎರಡನೇ ಫಿಲ್ಟರಿಗೂ ಹಾಗೆಯೇ. ಫಿಲ್ಟರಿನ ತಲೆ ಅಲ್ಯೂಮಿನಿಯಂ, ಈ ಸ್ಕ್ರೂಗಳಿಗೆ ಬಾಹುಬಲ ತೋರಿಸಿದರೆ ದಾರ ಹರಿಯುತ್ತದೆ.

ಮುಂದೆ ಪಂಪು. ಇನ್‌ಲೈನ್ ಪಂಪಿನ ಮೈಮೇಲೆ ಒಂದೋ ಎರಡೋ ಏರ್ ಸ್ಕ್ರೂ, ಅದೇ ಕ್ರಮ. ರೋಟರಿ ಪಂಪಿನಲ್ಲಿ ಎರಡು ಜಾಗ: ಪೈಪುಗಳು ಹೊರಡುವ ತಲೆಯ ಪಕ್ಕದಲ್ಲಿ ಕೆಳಗೊಂದು, ಎಂಜಿನ್ ವೇಗ ಹಿಡಿತದಲ್ಲಿಡುವ ಗವರ್ನರಿನ ಮುಚ್ಚಳದ ಮೇಲೊಂದು. ಎರಡನ್ನೂ ಸಡಿಲಿಸಿ ಲಿವರ್ ಒತ್ತುತ್ತ ಹೋಗಿ, ಕೆಳಗಿನದರಲ್ಲಿ ನೊರೆ ನಿಂತಾಗ ಅದನ್ನು ಮೊದಲು ಬಿಗಿದು, ಆಮೇಲೆ ಮೇಲಿನದು. ಇಲ್ಲಿ ಪುರುಸೊತ್ತು ಬೇಕು. ಐವತ್ತು-ಅರವತ್ತು ಒತ್ತು ಸಾಮಾನ್ಯ.

ಕೊನೆಗೆ ನಾಜಲ್ ಪೈಪು. ನಾಜಲ್ಲಿನ ಕಡೆಯ ನಟ್ಟು, ಹೆಚ್ಚಾಗಿ 17ರದು, ಒಂದು ಸುತ್ತು ಸಡಿಲಿಸಿ. ಮೂರು ಸಿಲಿಂಡರಿದ್ದರೆ ಎರಡು ಸಾಕು. ಸ್ಟಾಪ್ ಗುಂಡಿ ಒಳಗೆ, ಎಕ್ಸಲೇಟರ್ ಪೂರ್ತಿ, ಗೇರು ನ್ಯೂಟ್ರಲ್. ಸೆಲ್ಫ್ ಹೊಡೆದಾಗ ನಟ್ಟಿನ ಸಂದಿಯಲ್ಲಿ ಡೀಸೆಲ್ ಮಿಡಿದು ಮಿಡಿದು ಚಿಮ್ಮಬೇಕು. ಗುಳ್ಳೆ ಹೋಗಿ ಬರೀ ಡೀಸೆಲ್ ಬಂದಾಗ ಬಿಗಿಯಿರಿ. ಎಷ್ಟೋ ಸಲ ಎರಡನೆಯದನ್ನು ಬಿಗಿಯುವಷ್ಟರಲ್ಲಿ ಎಂಜಿನ್ ತಾನೇ ಗುಡುಗಿ ಎದ್ದುಬಿಡುತ್ತದೆ, ಕೂಡಲೇ ಎಕ್ಸಲೇಟರ್ ಇಳಿಸಲು ಒಬ್ಬರು ಸೀಟಿನ ಮೇಲೆ ಇರಲೇಬೇಕು.

ಈ ಹಂತದಲ್ಲಿ ಕೈ ದೂರ. ಹಳೇ ಎಂಜಿನ್ನುಗಳಲ್ಲಿ ನಾಜಲ್ಲು ಸುಮಾರು 180-250 ಬಾರ್ ಒತ್ತಡಕ್ಕೆ ತೆರೆಯುತ್ತದೆ. ಆ ಒತ್ತಡದ ಸೂಜಿಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ, ಹೊರಗೆ ಇರುವೆ ಕಚ್ಚಿದಷ್ಟೇ ಗುರುತು. ಅಷ್ಟೇ ಅಲ್ಲವೇ ಎಂದು ಬಿಡದೆ ಅದೇ ದಿನ, ಅದೇ ಗಂಟೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ "ಒತ್ತಡದ ಡೀಸೆಲ್ ಚರ್ಮದೊಳಗೆ ಹೋಗಿದೆ" ಎಂದು ಬಿಡಿಸಿ ಹೇಳಬೇಕು. ತಡವಾದರೆ ಬೆರಳು ಕಳೆದುಕೊಳ್ಳುವ ಗಾಯ ಅದು. ಸೋರುವ ಪೈಪು ಹುಡುಕಲು ರಟ್ಟಿನ ತುಂಡು ಹಿಡಿಯಿರಿ. ಸೀಳಿದ ಹೈ ಪ್ರೆಶರ್ ಪೈಪಿಗೆ ಬೆಸುಗೆ ನಡೆಯುವುದಿಲ್ಲ, ಅದೇ ಉದ್ದದ ಹೊಸ ಪೈಪೇ ಬೇಕು.

ಒಂದೇ ಸಿಲಿಂಡರ್ ಸೋತಿದ್ದರೆ

ಎಂಜಿನ್ ಕುಂಟುತ್ತ ಓಡಿದರೆ ದೋಷ ಟಾಕಿಯ ಕಡೆಯದಲ್ಲ, ಏಕೆಂದರೆ ಅಲ್ಲಿಯ ಹಸಿವು ಎಲ್ಲ ಸಿಲಿಂಡರಿಗೂ ಒಂದೇ. ನಿಧಾನ ಓಟದಲ್ಲಿ ಕನ್ನಡಕ ಹಾಕಿಕೊಂಡು, ನಟ್ಟಿನ ಮೇಲೆ ದಪ್ಪ ಬಟ್ಟೆ ಹೊದಿಸಿ, ಒಂದೊಂದೇ ನಾಜಲ್ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ಬಿಗಿಯಿರಿ. ಸಡಿಲಿಸಿದಾಗ ಸದ್ದು ಬದಲಾಗಿ ಎಂಜಿನ್ ಇನ್ನಷ್ಟು ಕುಂಟಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಏನೂ ವ್ಯತ್ಯಾಸ ಆಗದಿದ್ದರೆ ಅದೇ ಸೋಮಾರಿ. ಅದರ ನಾಜಲ್ಲನ್ನು ಪಕ್ಕದ ಸಿಲಿಂಡರಿನದರ ಜೊತೆ ಅದಲು ಬದಲು ಮಾಡಿ. ಕುಂಟು ನಾಜಲ್ಲಿನ ಹಿಂದೆ ಹೋದರೆ ನಾಜಲ್ ಕೆಟ್ಟಿದೆ. ಅಲ್ಲೇ ಉಳಿದರೆ ಪಂಪಿನಿಂದ ಆ ಪೈಪಿಗೆ ಡೀಸೆಲ್ ಬಿಡುವ ಡೆಲಿವರಿ ವಾಲ್ವು ಇಲ್ಲವೇ ಕಂಪ್ರೆಷನ್. ಸಾವಿರಾರು ರೂಪಾಯಿಯ ಊಹೆ ಈ ಅರ್ಧ ತಾಸಿನ ಕೆಲಸದಲ್ಲಿ ತಪ್ಪುತ್ತದೆ.

ನಾಜಲ್ ಮತ್ತೆ ಕೂರಿಸುವಾಗ ಗುಣಿಯ ತಳದಲ್ಲಿ ಹಳೇ ತಾಮ್ರದ ವಾಷರ್ ಕಚ್ಚಿಕೊಂಡಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಎರಡು ವಾಷರ್ ಆದರೆ ನಾಜಲ್ಲಿನ ತುದಿ ಮೇಲೇಳುತ್ತದೆ, ಸಿಂಪಡಣೆ ತಪ್ಪು ಜಾಗಕ್ಕೆ ಬೀಳುತ್ತದೆ. ಎರಡು ಕಡೆಯ ನಟ್ಟು ಸ್ವಲ್ಪ ಸ್ವಲ್ಪವೇ ಸಮನಾಗಿ ಬಿಗಿಯಬೇಕು, ಓರೆಯಾದರೆ ಕಂಪ್ರೆಷನ್ ಅಲ್ಲಿಂದಲೇ ಹೊರಗೆ. ನಾಜಲ್ ಸಿಂಪಡಣೆಯ ಪರೀಕ್ಷೆ ಟೆಸ್ಟರ್ ಇರುವ ಅಂಗಡಿಯಲ್ಲೇ ಆಗಬೇಕು.

ಪಂಪಿನ ಸರದಿ

ಬಾಗಿಲವರೆಗೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತಿದೆ, ಸ್ಟಾಪ್ ಲಿವರ್ ತೆರೆದಿದೆ, ಏರ್ ತೆಗೆದಾಗಿದೆ, ಆದರೂ ನಾಜಲ್ ನಟ್ಟಿನಲ್ಲಿ ಒಂದು ಹನಿ ಮಿಡಿಯುವುದಿಲ್ಲ. ಆಗ ಪಂಪಿನ ಮೇಲೆ ಅನುಮಾನ ನ್ಯಾಯ. ತಿಂಗಳುಗಟ್ಟಲೆ ನಿಂತ ಇನ್‌ಲೈನ್ ಪಂಪಿನಲ್ಲಿ ರ‍್ಯಾಕ್ (ಡೀಸೆಲ್ ಪ್ರಮಾಣ ಹೆಚ್ಚು-ಕಡಿಮೆ ಮಾಡುವ ಹಲ್ಲಿನ ಸರಳು) ಜಿಗುಟಾಗಿ ಸಿಕ್ಕಿಕೊಳ್ಳುವುದು ಸಾಮಾನ್ಯ. ಪಕ್ಕದ ಮುಚ್ಚಳ ತೆಗೆದು ಬೆರಳಿನಿಂದ ರ‍್ಯಾಕ್ ಸರಿಸಿ ನೋಡಿ, ಸಲೀಸಾಗಿ ಹೋಗಿ ಬರಬೇಕು. ಸ್ವಚ್ಛ ಡೀಸೆಲ್ ಹಾಕಿ ಒಂದು ರಾತ್ರಿ ನೆನೆಸಿದರೆ ಹಲವು ಬಿಡುತ್ತವೆ. ಸುತ್ತಿಗೆ ಬೇಡ. ರ‍್ಯಾಕ್ ಪೂರ್ತಿ ತೆರೆದ ಸ್ಥಾನದಲ್ಲಿ ಸಿಕ್ಕಿದ್ದರೆ ಎಂಜಿನ್ ಚಾಲೂ ಆದ ಕೂಡಲೇ ಹಿಡಿತ ತಪ್ಪಿ ಕಿರುಚುತ್ತ ಓಡುತ್ತದೆ, ಸ್ಟಾಪ್ ಕೇಳುವುದಿಲ್ಲ. ಅನುಮಾನವಿದ್ದರೆ ಏರ್ ಕ್ಲೀನರ್ ಪೈಪು ಬಿಚ್ಚಿ, ಗಾಳಿಬಾಯಿ ಮುಚ್ಚುವಷ್ಟು ದಪ್ಪ ಹಲಗೆ ಕೈಗೆ ಇಟ್ಟುಕೊಂಡೇ ಸೆಲ್ಫ್ ಹೊಡೆಯಿರಿ. ಅಂಗೈಯಿಂದ ಮುಚ್ಚಲು ಹೋಗಬೇಡಿ.

ಸೀಮೆಎಣ್ಣೆ ಬೆರೆಸಿ ಓಡಿಸಿದ ಗಾಡಿಯಾದರೆ ಪ್ಲಂಜರ್ ಸವೆದಿರುವ ಸಾಧ್ಯತೆ ದೊಡ್ಡದು. ಈ ಪಂಪಿನ ಪ್ಲಂಜರಿಗೆ ಡೀಸೆಲೇ ಎಣ್ಣೆ. ಸವೆದ ಪಂಪಿನ ಲಕ್ಷಣ ಎಂದರೆ ಮುಂಜಾನೆ ತಂಪಿನಲ್ಲಿ ಚಾಲೂ ಆಗಿ, ಮಧ್ಯಾಹ್ನ ಬಿಸಿಯಾದಾಗ ನಿಲ್ಲಿಸಿದರೆ ಮತ್ತೆ ಎದ್ದೇಳದು. ಬಿಸಿ ಡೀಸೆಲ್ ತೆಳ್ಳಗಾಗಿ ಸವೆದ ಸಂದಿಯಿಂದ ಜಾರಿಹೋಗುತ್ತದೆ. ಪಂಪಿನ ಮೇಲೆ ತಣ್ಣನೆಯ ಒದ್ದೆ ಗೋಣಿಚೀಲ ಹೊದಿಸಿ ಹತ್ತು ನಿಮಿಷಕ್ಕೆ ಚಾಲೂ ಆದರೆ ಅನುಮಾನ ಖಾತ್ರಿ.

ಪಂಪು ಇಳಿಸಲೇಬೇಕಾದರೆ ಫ್ಲೇಂಜು (ಪಂಪು ಎಂಜಿನ್ನಿಗೆ ಕೂಡುವ ಅಂಚು) ಮತ್ತು ಎಂಜಿನ್ ಮೈ ಎರಡರ ಮೇಲೂ ಕೂಡುವ ಹಾಗೆ ಚೂಪು ಉಳಿಯಿಂದ ಒಂದು ಗೆರೆ ಹಾಕಿ. ಅಲ್ಲಿ ಮೊದಲೇ ಗುರುತಿದ್ದರೆ ಅದು ಎಷ್ಟು ಸರಿದಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಎಲ್ಲ ಬಾಯಿಗಳಿಗೂ ಪ್ಲಾಸ್ಟಿಕ್ ಕಟ್ಟಿ, ಎಂಜಿನ್ ಕಡೆ ಉಳಿದ ಪೈಪಿನ ತುದಿಗಳಿಗೂ ಕಟ್ಟಿ. ತಂತಿ ಹಾಕಿ ಸೀಲ್ ಮಾಡಿದ ಸ್ಕ್ರೂ ಡೀಸೆಲ್ ಅಳತೆಯದು, ಅದನ್ನು ಮನೆಯಲ್ಲಿ ಮುಟ್ಟಬೇಡಿ. ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಟೆಸ್ಟ್ ಬೆಂಚ್ ಇರುವ ಅಂಗಡಿಗೆ ಒಯ್ದಾಗ ನಾಜಲ್ಲುಗಳನ್ನೂ ಜೊತೆಗೆ ಕೊಟ್ಟು, ಪಂಪಿನ ಮೈಮೇಲಿನ ತಗಡಿನ ನಂಬರಿನ ಪ್ರಕಾರವೇ ಕ್ಯಾಲಿಬ್ರೇಷನ್ ಮಾಡಲು ಹೇಳಿ. ಬಿಚ್ಚಿದ ಮೇಲೆ ಬದಲಿಸಿದ ಹಳೇ ಪ್ಲಂಜರುಗಳನ್ನು ಕೇಳಿ ಪಡೆದು ಬಿಸಿಲಿಗೆ ಹಿಡಿದು ನೋಡಿ. ಹೊಳೆಯುವ ಮೈಮೇಲೆ ಮೇಲಿಂದ ಕೆಳಕ್ಕೆ ಮಾಸಿದ ಗೀರು ಕಂಡರೆ ಅದು ಧೂಳಿನ ಕೆಲಸ, ಕಂದು ಚುಕ್ಕೆ ಕಂಡರೆ ನೀರಿನದು. ಪಂಪು ತಿರುಗಿ ಕೂರಿಸುವ ಮುಂಚೆ ಅದಕ್ಕೆ ತಕ್ಕಂತೆ ಫಿಲ್ಟರನ್ನೋ ಟಾಕಿಯನ್ನೋ ಸರಿಮಾಡಿಕೊಳ್ಳಿ.